ನಾನು ಹೇಳಿದ ಬಿಳಿ ಹೊಗೆ

ಕಬ್ಬಾಳಿನ ಹತ್ತಿರದ ಕಲ್ಲುಕ್ವಾರಿಯ ಗುಂಡಿಯಲ್ಲಿ ಕೂಲಿಯಾಳು ಬೀರೇಶ ಮುಳುಗಿದ ದಿನ, ಅಲ್ಲಿ ನೀರೆತ್ತುವ ಪಂಪಿಗೆ ಕೂಡಿಸಿದ್ದ ಹಳೇ ದೋಣಿ ಇಂಜಿನ್ನಿಗೆ ನಾನೇ ಮೆಕ್ಯಾನಿಕ್ಕು.

“ಪಂಪು ಓಡ್ಸಣ್ಣೋ, ನಮ್ಮನೆಯವ್ರು ಕೆಳಗವ್ರೆ,” ಎಂದು ಅವನ ಹೆಂಡತಿ ಸರಸಮ್ಮ ಅಂಗಲಾಚಿದಳು.

ಲೈಸೆನ್ಸಿಲ್ಲದೆ ಕ್ವಾರಿ ನಡೆಸುತ್ತಿದ್ದ ಮಾಲೀಕನಿಗೆ ಪೊಲೀಸರು ಬರುವ ಮುಂಚೆ ಮಿಷನ್ನುಗಳನ್ನು ಸಾಗಿಸಬೇಕಿತ್ತು. ಪಂಪು ಓಡಿಸಬೇಡವೆಂದು ನನಗೆ ಕಣ್ಸನ್ನೆ ಮಾಡಿದ.

“ಬಿಳಿ ಹೊಗೆ ಬತ್ತೈತೆ ಕಣವ್ವ, ಒಳಕ್ಕೆ ನೀರು ನುಗ್ಗೈತೆ, ಓಡ್ಸಂಗಿಲ್ಲ,” ಎಂದೆ. ಇಂಜಿನ್ನು ಸರಿಯಾಗಿಯೇ ಇತ್ತು.

ಹೆಣ ಮೂರನೇ ದಿನ ತಾನೇ ತೇಲಿತು.

ಅಂದಿನಿಂದ ಇಂಜಿನ್ನು ನಿಜಕ್ಕೂ ಬಿಳಿ ಹೊಗೆ ಉಗುಳುತ್ತಿದೆ. ಹೆಡ್ ಬಿಚ್ಚಿ ನೋಡಿದೆ. ಎಲ್ಲೂ ಬಿರುಕಿಲ್ಲ, ಒಂದು ಹನಿ ನೀರಿಲ್ಲ. ನಿನ್ನೆ ಮಧ್ಯಾಹ್ನ ಹೊಗೆಗೆ ಬಲ ಅಂಗೈ ಒಡ್ಡಿದೆ. ಸುಡಬೇಕಾದ ಹೊಗೆ ತಣ್ಣಗಿತ್ತು.

ಎಷ್ಟು ಒರೆಸಿದರೂ ಆ ಕೈ ಒಣಗುತ್ತಿಲ್ಲ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ.