ಸ್ಕ್ರೀನಿಗೆ ಬೆನ್ನು ಹಾಕಿದವನು

“ಇದ್ರಾಗೆ ವಿಡಿಯೋ ಎಡಿಟಿಂಗ್ ಆಗಲ್ಲ ಬಿಡ್ರಿ” ಎಂದ ಖಲೀಲ್. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಇನ್ನೂ ಸರಿಯಾಗಿ ಒಳಗೆ ಇಣುಕಿರಲಿಲ್ಲ.

ಸಾಯಿಮಾಗೆ ಪಿತ್ತ ನೆತ್ತಿಗೇರಿತು. ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಹರಿಹರದ ಈ ಮನೆಗೆ ಅವನನ್ನು ಕರೆಸಿದ್ದು ರಿಪೇರಿಗೆ, ತೀರ್ಪು ಕೊಡುವುದಕ್ಕಲ್ಲ.

“ಆಗುತ್ತೋ ಇಲ್ಲೋ ಅಂತ ನಾನು ಕೇಳ್ಲಿಲ್ಲ. ಹೆಂಗೆ ಆಗುತ್ತೆ ಅಂತ ಕೇಳ್ದೆ.”

ಅವನು ತಲೆ ಎತ್ತಿದ. ಹಣೆಗೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸಿ, ಇಷ್ಟು ಜೋರು ಮಾಡುತ್ತಿರುವ ಹುಡುಗಿ ಯಾರೆಂದು ನೋಡಿದ. ನೋಟ ಸ್ವಲ್ಪ ಉದ್ದವಾಯಿತೆಂದು ಅವನಿಗೇ ಅನ್ನಿಸಿರಬೇಕು, ಗಡಬಡಿಸಿ ಸ್ಕ್ರೂಡ್ರೈವರ್ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

“ಮೆಷಿನ್ ಭಾಳ ಹಳೇದ್ರಿ. ರ‍್ಯಾಮ್ ಸಾಲಲ್ಲ, ಗ್ರಾಫಿಕ್ಸ್ ಕಾರ್ಡ್ ಇಲ್ಲವೇ ಇಲ್ಲ. ನಿಮ್ಮ ಕ್ಯಾಮೆರಾದ ವಿಡಿಯೋ ನೋಡಿದ್ರೆ ಭಾಳ ಭಾರ, ಫೋರ್‌-ಕೆ. ಸಾಫ್ಟ್‌ವೇರ್ ಓಪನ್ ಆಗೋಷ್ಟರಾಗೆ ಚಾ ಕುಡ್ದು ಬರಬಹುದು.”

“ಕುಡ್ದು ಬರ್ರಿ. ಬ್ಯಾಡ ಅಂದೋರ್ಯಾರು?”

ಮೂಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ತಾಯಿ ಮಾಬೂಬೀ ಮಗಳನ್ನು ಕಣ್ಣಲ್ಲೇ ಗದರಿದಳು. ಖಲೀಲ್ ಮಾತ್ರ ನಗು ನುಂಗಿಕೊಂಡು, ಕಂಪ್ಯೂಟರ್ ಎಲ್ಲಿ ಹ್ಯಾಂಗ್ ಆಗುತ್ತದೆ ಎಂದು ನೋಡಲು ಒಂದು ವಿಡಿಯೋ ಮೇಲೆ ಕ್ಲಿಕ್ ಮಾಡಿದ.

“ಕೈ ತೆಗೀರಿ!”

ಚಿತ್ರ ಮೂಡುವ ಮೊದಲೇ ಸಾಯಿಮಾ ಮಂಚದ ಮೇಲಿನ ಚಾದರ ಎಳೆದು ಮಾನಿಟರಿನ ಮೇಲೆ ಹಾಕಿಬಿಟ್ಟಳು. ಖಲೀಲನ ಮುಖ ಕೆಂಪಾಯಿತು. ಸಾಮಾನುಗಳನ್ನೆಲ್ಲ ಬ್ಯಾಗಿಗೆ ತುರುಕುತ್ತ, “ನಾನು ಅಂಥೋನಲ್ರಿ” ಎಂದು ಎದ್ದೇಬಿಟ್ಟ.

ಅವನು ಹೊಸಿಲು ದಾಟುವುದರೊಳಗೆ ಅವಳು ಅಡ್ಡ ನಿಂತಳು. ಮದುವೆ ಮನೆಯಲ್ಲಿ ಹೆಂಗಸರ ಕಡೆಗೆ ಕ್ಯಾಮೆರಾ ಹಿಡಿದು ಹೋಗುವುದು ಅವಳ ಕೆಲಸ. ಅಲ್ಲಿ ಬುರ್ಖಾ ತೆಗೆದಿರುತ್ತಾರೆ, ಹಲ್ದಿ ಎರಚಾಡುತ್ತಾರೆ, ಮೊಣಕಾಲು ನೋವಿನ ಅಜ್ಜಿಯರೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಕುಣಿಯುತ್ತಾರೆ. ಶೂಟಿಂಗ್‌ನಿಂದ ಎಡಿಟಿಂಗ್‌ವರೆಗೆ ಒಬ್ಬ ಗಂಡಸಿನ ಕಣ್ಣೂ ಬೀಳುವುದಿಲ್ಲ ಎಂದು ಅವಳು ಮಾತು ಕೊಟ್ಟಿರುವುದರಿಂದಲೇ ಅವರು ಕುಣಿಯುವುದು.

“ನೀವು ಒಳ್ಳೇರೋ ಕೆಟ್ಟೋರೋ ನಂಗೆ ಗೊತ್ತಿಲ್ಲ. ಒಳ್ಳೇ ಗಂಡಸ್ರೂ ನೋಡಂಗಿಲ್ಲ, ಅಷ್ಟೇ.”

ಈ ಸಲ ಮದುವೆ ಅವಳದೇ ವಯಸ್ಸಿನ ಅಂಜುಮ್ ಎಂಬ ಹುಡುಗಿಯದು. ಹೊಸ ಜೋಡಿಯನ್ನು ಹೆಣ್ಣಿನ ಮನೆಯವರು ಶುಕ್ರವಾರ ಊಟಕ್ಕೆ ಕರೆಯುವ ಜುಮಾಗಿಯ ದಿನ, ಹೆಂಗಸರೆಲ್ಲ ಕೂತು ಆ ಫಿಲ್ಮ್ ನೋಡಬೇಕು. ಆರ್ಡರ್ ಹಿಡಿದು ತಂದವನು ದಾವಣಗೆರೆಯಲ್ಲಿ ಸ್ಟುಡಿಯೋ ಇಟ್ಟಿರುವ ಸೋದರಮಾವ ಜಮಾಲುದ್ದೀನ್. ಗುರುವಾರ ಮುಗಿಯದಿದ್ದರೆ ಮೆಮೊರಿ ಕಾರ್ಡು ತನಗೆ ಕೊಡಬೇಕು, ತನ್ನ ಹುಡುಗರು ಎಡಿಟ್ ಮಾಡುತ್ತಾರೆ, ಇನ್ನು ಮುಂದೆಯೂ ಅವರೇ ಮಾಡುತ್ತಾರೆ ಎಂದು ಅವನು ಕಡ್ಡಿ ಮುರಿದಂತೆ ಹೇಳಿದ್ದ. ಹಾಗಾದರೆ ಅವಳ ಕೆಲಸವೂ ಹೋಯಿತು, ಕೊಟ್ಟ ಮಾತೂ ಹೋಯಿತು.

ಅವಳು ಇದನ್ನೆಲ್ಲ ಹೇಳಿ ಮುಗಿಸಿದಾಗ ಖಲೀಲ್ ಬ್ಯಾಗನ್ನು ಕೆಳಗಿಟ್ಟ. ಆಮೇಲೆ ಒಳಗೆ ಬಂದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತ.

“ಚಾದರ ತೆಗೀರಿ. ಏನು ಕಾಣ್ತೈತೆ ಹೇಳ್ತಾ ಹೋಗ್ರಿ. ಎಲ್ಲಿ ಒತ್ತಬೇಕು ನಾನು ಹೇಳ್ತೀನಿ.”

ಆ ವಾರ ದಿನವೂ ಬಂದ. ಮಾನಿಟರ್ ಆರಿಸಿ ರ‍್ಯಾಮ್ ಹೆಚ್ಚಿಸಿದ, ಹಾರ್ಡ್‌ಡಿಸ್ಕ್ ಬದಲಿಸಿದ. ಆನ್ ಮಾಡಿದ ಕೂಡಲೇ ಗೋಡೆಗೆ ಮುಖ ಮಾಡುತ್ತಿದ್ದ. ಸಾಫ್ಟ್‌ವೇರಿನ ಹಳೇ ವರ್ಷನ್ ಹಾಕಿಸಿದ. ಆದರೂ ವಿಡಿಯೋ ತೆವಳುತ್ತಲೇ ಇತ್ತು.

“ಹಂಗಾರೆ ಪ್ರಾಕ್ಸಿ ಮಾಡೋಣ” ಎಂದ. “ಪ್ರತಿ ವಿಡಿಯೋದ್ದೂ ಒಂದು ಸಣ್ಣ, ಹಗುರ ಕಾಪಿ. ನೀವು ಕತ್ತರಿಸೋದು ಕಾಪೀನ. ಕೊನೇಗೆ ಅದೇ ಲೆಕ್ಕದಾಗೆ ಅಸಲಿ ವಿಡಿಯೋ ತಾನೇ ಕೂಡ್ತೈತೆ. ಈ ಮುದುಕನ ತಲೆ ಮೇಲೆ ಮೂಟೆ ಹೊರಿಸೋದು ಕೊನೇಗೆ ಒಂದೇ ಸಲ.”

ಹಳೇ ಕಂಪ್ಯೂಟರ್ ಸರಸರ ಓಡಿದಾಗ ಸಾಯಿಮಾ ಕುರ್ಚಿಯಲ್ಲೇ ಕುಣಿದಳು.

“ನಗ್ತಿದ್ದೀರಾ?” ಎಂದ ಅವನು ಗೋಡೆಗೆ.

“ಬೆನ್ನಾಗೆ ಕಣ್ಣು ಐತೇನ್ರಿ?”

“ಕಿವಿ ಐತಲ್ರಿ.”

ಆ ಕಿವಿಗಳನ್ನು ಅವಳು ಆಗಲೇ ಗಮನಿಸಿಯಾಗಿತ್ತು. ಅವಳು ನಕ್ಕರೆ ಸಾಕು, ತುದಿ ಕೆಂಪಾಗುತ್ತಿದ್ದವು. ಅವನ ಕತ್ತಿನ ಮೇಲೊಂದು ಸಣ್ಣ ಮಚ್ಚೆ ಇತ್ತು, ಅದು ಅವನಿಗೇ ಗೊತ್ತಿತ್ತೋ ಇಲ್ಲವೋ. ಅವನು ನೋಡುವಂತಿರಲಿಲ್ಲ, ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ಈ ಅನ್ಯಾಯ ಅವಳಿಗೆ ಬಹಳ ಹಿಡಿಸಿತು. ಒಂದೊಂದು ಸಲ ಎಲ್ಲಿ ಒತ್ತಬೇಕೆಂದು ಗೊತ್ತಿದ್ದರೂ ಕೇಳುತ್ತಿದ್ದಳು, ಗೊತ್ತಿದೆ ಎಂದು ತಿಳಿದೂ ಅವನು ಹೇಳುತ್ತಿದ್ದ.

ಗುರುವಾರ ಮಧ್ಯಾಹ್ನ ಎಡಿಟಿಂಗ್ ಮುಗಿದು ಪೂರ್ತಿ ಫಿಲ್ಮ್ ತಯಾರಾಗುತ್ತಿತ್ತು. ಪರದೆಯ ಮೇಲಿನ ನೀಲಿ ಪಟ್ಟಿ ಆಮೆಯಂತೆ ಸರಿಯುತ್ತಿತ್ತು. ಅಷ್ಟರಲ್ಲಿ ಜಮಾಲುದ್ದೀನ್ ಬಂದ.

“ಇನ್ನೂ ಮುಗೀಲಿಲ್ಲ? ಕಾರ್ಡ್ ತಗೊಂಬಾ.”

“ಕೊಡಲ್ಲ ಮಾಮೂ. ಸಂಜೆಯೊಳಗೆ ಆಗ್ತೈತೆ.”

ಆಗ ಅವನ ಕಣ್ಣು ಗೋಡೆಯ ಕಡೆಗಿದ್ದ ಕುರ್ಚಿಗೆ ಬಿತ್ತು. “ಗಂಡಸ್ರು ನೋಡಂಗಿಲ್ಲ ಅಂತ ಊರಿಗೆಲ್ಲ ಹೇಳ್ತೀಯ. ಇವನ್ಯಾರು?”

ಖಲೀಲ್ ಎದ್ದು ನಿಂತ, ಮುಖ ಗೋಡೆಗೇ. “ನಾನು ಒಂದು ಫೋಟೋನೂ ನೋಡಿಲ್ರಿ.”

“ಯಾರು ನಂಬ್ತಾರೆ? ಈ ಸುದ್ದಿ ಹೊರಗೆ ಬಿದ್ರೆ ಒಬ್ಬ ಹೆಂಗಸೂ ನಿನ್ನ ಕ್ಯಾಮೆರಾ ಮುಂದೆ ನಿಲ್ಲಲ್ಲ, ತಿಳ್ಕೋ.”

ಮಾವ ಹೇಳುವುದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಸಾಯಿಮಾಗೆ ಇನ್ನಷ್ಟು ರೋಷ ಬಂತು. ಫೋನ್ ತೆಗೆದು, ಸ್ಪೀಕರ್ ಹಾಕಿ ಅಂಜುಮಳಿಗೆ ಕರೆ ಮಾಡಿದಳು.

“ಅಂಜುಮ್, ಮುಚ್ಚಿಟ್ಟು ನಂಗೆ ಗೊತ್ತಿಲ್ಲ. ಕಂಪ್ಯೂಟರ್ ರಿಪೇರಿಗೆ ಒಬ್ರು ಬಂದಿದ್ರು. ವಾರದಿಂದ ಇದೇ ರೂಮಾಗೆ ಕೂತಾರೆ, ಸ್ಕ್ರೀನಿಗೆ ಬೆನ್ನು ಹಾಕಿ. ಅಮ್ಮಿ ಇಲ್ಲೇ ಇದ್ರು. ಅವರು ಒಂದ್ಸಲಾನೂ ತಿರುಗಿಲ್ಲ.”

ಹೇಳಿದರೆ ಪೂರ್ತಿ ಹೇಳಬೇಕು ಅನ್ನಿಸಿತು ಅವಳಿಗೆ.

“ನೋಡಿದ್ದು ನಾನು. ಅವರ ಬೆನ್ನು ನೋಡ್ತಾ ನೋಡ್ತಾ ಮನಸ್ಸು ಕೊಟ್ಟಿರೋಳೂ ನಾನೇ. ಅವರದ್ದೇನೂ ತಪ್ಪಿಲ್ಲ. ಈಗ ಹೇಳು, ಕಾರ್ಡ್ ನನ್ನ ಹತ್ರ ಇರ್ಲೋ, ಮಾಮೂ ಸ್ಟುಡಿಯೋಗೆ ಹೋಗ್ಲೋ?”

ಮಾಬೂಬೀಯ ಹೊಲಿಗೆ ಯಂತ್ರ ನಿಂತುಹೋಗಿತ್ತು.

“ಯವ್ವಾ!” ಎಂದಳು ಅಂಜುಮ್ ಆ ಕಡೆಯಿಂದ. “ನಮ್ಮ ಅಜ್ಜಿ ಕುಣಿದಿದ್ದು ಸ್ಟುಡಿಯೋ ಹುಡುಗರು ನೋಡಬೇಕಾ? ಬ್ಯಾಡವೇ ಬ್ಯಾಡ. ಇಷ್ಟೆಲ್ಲ ಬಾಯಿ ಬಿಟ್ಟು ಹೇಳೋಳು ಸುಳ್ಳು ಹೇಳ್ತಾಳಾ? ನೀನೇ ತಗೊಂಬಾ. ನಿನ್ನ ರಿಪೇರಿಯವರಿಗೆ ಸಲಾಂ ಹೇಳು.”

ಜಮಾಲುದ್ದೀನ್ ಅಕ್ಕನ ಮುಖ ನೋಡಿದ.

“ನನ್ನ ಕಣ್ಣೆದುರಿಗೇ ಕೂತಿದ್ದ” ಎಂದಳು ಮಾಬೂಬೀ. “ಚಾ ಕುಡಿಯೋಕೂ ತಿರುಗ್ಲಿಲ್ಲ ಆ ಹುಡುಗ.”

ಅವನು ಗೊಣಗುತ್ತ ಚಪ್ಪಲಿ ಮೆಟ್ಟಿಕೊಂಡು ಹೋದ. ಸಂಜೆಯ ಅಜಾನ್ ಮುಗಿಯುವಷ್ಟರಲ್ಲಿ ಫಿಲ್ಮ್ ತಯಾರಾಯಿತು. ಸಾಯಿಮಾ ಅದನ್ನು ಪೆನ್‌ಡ್ರೈವಿಗೆ ತುಂಬಿ, ಮಾನಿಟರ್ ಆರಿಸಿದಳು.

“ಈಗ ತಿರುಗ್ರಿ.”

ಅವನು ಅಲುಗಲಿಲ್ಲ. ಕಿವಿಗಳು ಮಾತ್ರ ಕೆಂಪಗೆ ಉರಿಯುತ್ತಿದ್ದವು. “ತಿರುಗಿದ್ರೆ ಆಮೇಲೆ ಬೇರೆ ಕಡೆ ನೋಡೋಕೆ ಆಗಲ್ರಿ ನನಗೆ.”

“ಬೇರೆ ಕಡೆ ನೋಡಬ್ಯಾಡ್ರಿ. ನಂಗೂ ಸೇರಲ್ಲ.”

ಖಲೀಲ್ ತಿರುಗಿದ. ಒಂದು ವಾರದ ನೋಟವನ್ನೆಲ್ಲ ಒಟ್ಟಿಗೆ ನೋಡುವವನಂತೆ ನೋಡಿದ. ಇಷ್ಟು ಹೊತ್ತು ಹುಲಿಯಂತಿದ್ದ ಸಾಯಿಮಾಗೆ ಈಗ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ.

ಮಾಬೂಬೀ ಕೆಮ್ಮಿದಳು. “ಮನೇಲಿ ಹಿರಿಯರು ಯಾರದಾರಪ್ಪಾ?”

“ನಮ್ಮ ಅಬ್ಬಾ ಅದಾರ್ರಿ. ಭಾನುವಾರ ಕರ್ಕೊಂಡು ಬರ್ತೀನಿ.”

“ಬರ್ರಿ” ಎಂದಳು ಸಾಯಿಮಾ, ಗದ್ದ ಎತ್ತಿ. “ಆದ್ರೆ ಈಗಲೇ ಹೇಳಿರ್ತೀನಿ. ಮದುವೆ ಆದ್ಮೇಲೂ ನಾನು ಈ ಕೆಲಸ ಬಿಡಲ್ಲ. ನೀವೂ ಈ ಸ್ಕ್ರೀನ್ ನೋಡಂಗಿಲ್ಲ.”

“ಸ್ಕ್ರೀನ್ ಯಾರಿಗೆ ಬೇಕಾಗೈತ್ರಿ?” ಎಂದ ಖಲೀಲ್, ಅವಳ ಮುಖದಿಂದ ಕಣ್ಣು ಕೀಳದೆ.