ಒಂದೇ ಮಷೀನು, ಎರಡು ಡೆಸ್ಕ್‌ಟಾಪು

"ನನ್ನ ಭೂತಗನ್ನಡಿ ಎಲ್ಲಿ ಹೋಯ್ತೇ?"

ದೊಡ್ಡಮ್ಮ ಮಾನಿಟರಿಗೆ ಮೂಗು ತಾಗಿಸಿ ಕೇಳಿದ ಕೂಡಲೇ ಇದು ಹಗುರಪ್ಪನ ಕೆಲಸ ಎಂದು ಗೊತ್ತಾಯಿತು.

ನಮ್ಮ ಪ್ರೆಸ್ಸಿನ ಕಂಪ್ಯೂಟರ್ ರಿಪೇರಿಗೆ ಬರುವವನಿಗೆ ಆ ಹೆಸರಿಟ್ಟವಳು ನಾನೇ. ಅವನಿಗೆ ಎಲ್ಲವೂ ಹಗುರವಾಗಿರಬೇಕು. ಬ್ಯಾಗು, ಊಟ, ಮಾತು, ಕೊನೆಗೆ ಲಿನಕ್ಸಿನ ಡೆಸ್ಕ್‌ಟಾಪು ಕೂಡ. ನನಗೋ ಕೆಡಿಇ ಅನ್ನುವ ಭಾರದ ಡೆಸ್ಕ್‌ಟಾಪೇ ಆಗಬೇಕು. ಅದರಲ್ಲಿ ವಿಂಡೋಗಳು ನಾಜೂಕಾಗಿ ತೆರೆದುಕೊಳ್ಳುತ್ತವೆ, ದೊಡ್ಡಮ್ಮ ಪ್ರೂಫ್ ನೋಡಲು ಅಕ್ಷರ ಹಿಗ್ಗಿಸುವ ಭೂತಗನ್ನಡಿಯೂ ಇದೆ. ನಿಧಾನ ಅಂತ ನಾನೊಮ್ಮೆ ಗೊಣಗಿದ್ದು ನಿಜ. ಅಷ್ಟಕ್ಕೇ ನಿನ್ನೆ ನಾವಿಲ್ಲದಾಗ ಬಂದು, ಅದನ್ನು ಕಿತ್ತು, ಎಲ್‌ಎಕ್ಸ್‌ಕ್ಯೂಟಿ ಅನ್ನುವ ತನ್ನ ಹಗುರದ್ದನ್ನು ಹಾಕಿ ಹೋಗಿದ್ದಾನೆ.

ಸಿಟ್ಟು ಅದೊಂದಕ್ಕೇ ಅಲ್ಲ. ಹೋದ ವಾರ ಮೆಟ್ಟಿಲ ಹತ್ತಿರ, "ಮನೆಗೆ ಬಂದು ದೊಡ್ಡಮ್ಮನ ಹತ್ರ ನಮ್ಮ ವಿಷಯ ಮಾತಾಡಿ" ಎಂದು ಅವನಿಗೆ ಹೇಳಿದ್ದೆ. "ನೋಡೋಣ" ಎಂದಿದ್ದ. ವರ್ಷವಿಡೀ ಕಣ್ಣಂಚಿನಲ್ಲಿ ನಕ್ಕು ನಕ್ಕು, ಕೊನೆಗೆ ಸಿಕ್ಕಿದ್ದು ಒಂದು ನೋಡೋಣ.

ಫೋನ್ ಮಾಡಿ ಕರೆಸಿದೆ.

"ಯಾರನ್ನ ಕೇಳಿ ತೆಗೆದ್ರಿ?"

"ರ‍್ಯಾಮ್ ಕಮ್ಮಿ ಇದೆ. ಈಗ ಎಷ್ಟು ಬೇಗ ತೆರ್ಕೊಳತ್ತೆ, ನೋಡಿ."

"ತೆರ್ಕೊಂಡು ಏನ್ ಮಾಡ್ಲಿ? ದೊಡ್ಡಮ್ಮಂಗೆ ಕಾಣೋದು ಬೇಡ್ವಾ?"

ಮೌಸಿನ ಮೇಲಿದ್ದ ಅವನ ಕೈ ನಿಂತಿತು. ದೊಡ್ಡಮ್ಮನ ದಪ್ಪ ಕನ್ನಡಕವನ್ನು ಈಗಷ್ಟೇ ಕಂಡವನಂತೆ ನೋಡಿದ. ಕಿವಿ ಕೆಂಪಾಯಿತು. "ಅದು ಹೊಳೀಲಿಲ್ಲ. ನಿಮ್ಮ ಕೆಲಸ ಬೇಗ ಮುಗೀಲಿ ಅಂತ..."

ಆ ಕಿವಿ ನೋಡಿದರೆ ಸಿಟ್ಟು ಕರಗುತ್ತದೆ. ಹಾಗಾಗಿ ನೋಡಲಿಲ್ಲ.

"ಎರಡನ್ನೂ ಹಾಕಿ. ಲಾಗಿನ್ ಆಗುವಾಗ ಬೇಕಾದ್ದನ್ನ ಆರಿಸ್ಕೋತೀವಿ."

"ಒಂದೇ ಮಷೀನಲ್ಲಿ ಎರಡಿದ್ರೆ ರಗಳೆ. ಎರಡು ಫೈಲ್ ಮ್ಯಾನೇಜರ್, ಎರಡು ಸೆಟ್ಟಿಂಗ್ಸು. ಇದು ಮಾಡಿದ್ದನ್ನ ಅದು ಕೆಡಿಸತ್ತೆ. ದಿನಾ ಕಿತ್ತಾಟ."

"ಅದಕ್ಕೇನಾ ನೋಡೋಣ ಅಂದಿದ್ದು?"

ಅವನು ಕೀಬೋರ್ಡಿನ ಧೂಳು ಒರೆಸಿದ. ಧೂಳೇನೂ ಇರಲಿಲ್ಲ.

"ನೀವು ಗಲಗಲ ಅಂತ ಇರೋರು. ನನ್ನ ಜೊತೆ ಒಂದೇ ವಾರಕ್ಕೆ ಬೇಜಾರಾಗತ್ತೆ."

"ಆಗ್ಲೇ ಆಗಿದೆ. ಆದ್ರೂ ಫೋನ್ ಮಾಡ್ತಿಲ್ವಾ?"

ಪ್ರೂಫ್ ಹಾಳೆಯ ಹಿಂದಿನಿಂದ ದೊಡ್ಡಮ್ಮ ಕೆಮ್ಮಿದರು. "ನಂಗೆ ಕಣ್ಣು ಮಾತ್ರ ಮಂಜು ಕಣಪ್ಪಾ. ಕಿವಿ ಚೆನ್ನಾಗಿದೆ."

ಅವನು ಕೆಡಿಇಯನ್ನು ಮತ್ತೆ ಇಳಿಸಿಕೊಳ್ಳಲು ಕುಳಿತ. ಡೌನ್‌ಲೋಡ್ ಆಮೆಯ ಹಾಗೆ ತೆವಳಿತು. ನಾನು ಕಾಗದ ಮಡಚಿದೆ, ತಪ್ಪು ಮಡಚಿದೆ, ಬಿಚ್ಚಿ ಮತ್ತೆ ಮಡಚಿದೆ. ನಡುವೆ ಎರಡು ಸಲ ಅವನ ಕಣ್ಣು ನನ್ನತ್ತ ಬಂದು, ಸಿಕ್ಕಿಬಿದ್ದು, ಸ್ಕ್ರೀನಿಗೆ ಓಡಿತು.

ಸಂಜೆ ಲಾಗಿನ್ ಪರದೆಯಲ್ಲಿ ಎರಡು ಹೆಸರು ಕಾಣಿಸಿದವು. ದೊಡ್ಡಮ್ಮ ಕೆಡಿಇ ಆರಿಸಿದರು. ಭೂತಗನ್ನಡಿಯಲ್ಲಿ ಅಕ್ಷರಗಳು ಉಬ್ಬಿ ನಿಂತವು.

"ಮೆನುವಲ್ಲಿ ಎಲ್ಲಾ ಎರಡೆರಡು ಕಾಣ್ತಿದೆಯಲ್ಲೋ. ನನ್ನ ಕಣ್ಣಾ?"

"ಅಲ್ಲ, ಇರೋದೇ ಎರಡೆರಡು."

"ಕಿತ್ತಾಡಿದ್ರೆ?" ನಾನು ಕೇಳಿದೆ.

ಈ ಸಲ ಅವನ ಕಣ್ಣು ಓಡಲಿಲ್ಲ. "ಕಿತ್ತಾಡ್ಲಿ. ನಾನು ಇರ್ತೀನಲ್ಲ, ಸರಿಮಾಡೋಕೆ."

ಆಮೇಲೆ ಬ್ಯಾಗಿನ ಪಟ್ಟಿಯನ್ನು ಹಿಂಡುತ್ತ ಅತ್ತ ತಿರುಗಿದ. "ದೊಡ್ಡಮ್ಮಾ, ಭಾನುವಾರ ಮನೆಗೆ ಬರ್ತೀನಿ. ಒಂದು ಮಾತು ಆಡೋದಿದೆ."

ದೊಡ್ಡಮ್ಮ ಸ್ಕ್ರೀನಿನಿಂದ ತಲೆ ಎತ್ತಲಿಲ್ಲ.

"ಅಷ್ಟು ಆಡು ಸಾಕು. ಉಳಿದದ್ದನ್ನೆಲ್ಲ ಇವಳು ಆಡ್ತಾಳೆ."