ಅವನ ಹೆಸರಿನ ಮತ

"ಯಾಮಿನಿ ಅವರ ಮ್ಯಾಲೆ ಭಾಳ ಗೌರವ ಇಟ್ಕೊಂಡೇ ಹೇಳ್ತೀನ್ರಿ... ಅವರ ಕ್ಲಾಸಿಂದ ನಮ್ಮ ವರ್ಜೀನಿಯಾ ಮಕ್ಕಳಿಗೆ ಏನೂ ಉಪಯೋಗ ಇಲ್ಲ."

ಅಷ್ಟು ಮೆತ್ತಗಿನ ದನಿಯಲ್ಲಿ ಯಾರೂ ಇದುವರೆಗೆ ಯಾಮಿನಿಯ ಹೊಟ್ಟೆ ಉರಿಸಿರಲಿಲ್ಲ.

ಅದು 2023ರ ಜನವರಿ. ಕ್ಲಾರ್ಕ್ಸ್‌ಬರ್ಗ್ ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ ಕನ್ನಡ ಸಂಘದ ಬೋರ್ಡ್ ಸೇರಿತ್ತು. ಮೈಸೂರಿನ ಯಾಮಿನಿ ನಾಲ್ಕು ವರ್ಷಗಳಿಂದ ಪ್ರತಿ ಶನಿವಾರ ಇಪ್ಪತ್ತಾರು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಸವೆದ ಜೀವಕ್ಕೆ ಅದೊಂದೇ ನೆಮ್ಮದಿ.

ಅದನ್ನು ನಿಲ್ಲಿಸಿ ಮನೆಮನೆಗೆ ವಿಡಿಯೋ ಪಾಠ ಕಳಿಸೋಣ ಎನ್ನುತ್ತಿದ್ದ, ಹೊಸದಾಗಿ ಬೋರ್ಡಿಗೆ ಬಂದ, ವರ್ಜೀನಿಯಾದ ಆಲ್ಡಿ ಊರಿನ ರವಿಕಿರಣ್! ಅಲ್ಲಿಂದ ಮಕ್ಕಳನ್ನು ಕರೆತರಲು ಒಂದು ಗಂಟೆಗೂ ಹೆಚ್ಚು ಡ್ರೈವ್. ಮಾತಿನಲ್ಲಿ ನ್ಯಾಯವಿತ್ತು. ಯಾಮಿನಿಗೆ ಇನ್ನಷ್ಟು ಉರಿದದ್ದು ಅದಕ್ಕೇ.

ಮೀಟಿಂಗ್ ಮುಗಿದದ್ದೇ ತಡ, ಆಸಾಮಿ ಎರಡು ಕಪ್ ಚಹಾ ಹಿಡಿದು ಅವಳೆದುರೇ ಬಂದು ನಿಂತ.

"ನಿಮಗ ಸಕ್ಕರಿ ಎಷ್ಟು ಬೇಕ್ರಿ?"

"ಅರ್ಧ ಗಂಟೆ ಎಲ್ಲರೆದುರು ನನ್ನ ಮರ್ಯಾದೆ ತೆಗೆದು, ಈಗ ಸಕ್ಕರೆ ಕೇಳ್ತಿದೀರಾ?"

"ಜಗಳ ಒಳಗಿಂದ್ರಿ. ಚಹಾ ಹೊರಗಿಂದು."

ಬಾಗಲಕೋಟೆಯ ಡಾಕ್ಟರ್ ದಂಪತಿಯ ಮಗ ಅವನು. ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಆರು ವರ್ಷ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಒಬ್ಬ ಸಂಸದರ ಆಫೀಸಿನಲ್ಲಿ ದುಡಿದು ಬಂದಿದ್ದ.

"ಅಲ್ಲಿ ಸರಕಾರದ ಎದುರು ಕೂತವರಿಗೆ ರಾಜನ ವಿರೋಧ ಪಕ್ಷ ಅಂತಾರ. ವಿರೋಧ ಮಾಡೂದೂ ಒಂದು ಕೆಲಸ. ಹಗೆತನ ಅಲ್ಲ," ಎಂದ.

'ಎಂಥಾ ವಿಚಿತ್ರ ಮನುಷ್ಯ ಇವನು...' ಎಂದುಕೊಂಡಳು ಯಾಮಿನಿ. ಆದರೆ ಚಹಾ ಕುಡಿದಳು.

ಅಲ್ಲಿಂದ ಶುರುವಾಯಿತು ನೋಡಿ. ಮೀಟಿಂಗಿನಲ್ಲಿ ಜಗಳ, ಹೊರಗೆ ಮಾತು, ಮನೆಗೆ ಹೋದ ಮೇಲೆ ಫೋನು. ಒಮ್ಮೆ ಅವಳು ಕಷ್ಟಪಟ್ಟು ಮಾಡಿ ತಂದ ಬಿಸಿಬೇಳೆಬಾತಿಗೆ "ಪರವಾಗಿಲ್ರಿ" ಎಂದು ಎರಡು ದಿನ ಅವಳ ಮುನಿಸು ಕಟ್ಟಿಕೊಂಡ. ಅವನು ಬೆಳೆದ ಊರಿನಲ್ಲಿ ಹೊಗಳಿಕೆಯ ಶಿಖರವೇ ಅದು ಎಂದು ಅವಳಿಗೆ ತಿಳಿಯಲು ಮೂರನೇ ದಿನವೇ ಬರಬೇಕಾಯಿತು.

ಮೇ ಬರುವ ಹೊತ್ತಿಗೆ ಯಾಮಿನಿಗೆ ತನ್ನ ಮನಸ್ಸು ಗೊತ್ತಾಗಿತ್ತು. ಅವನು ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಆ ತಿಂಗಳ ಎರಡನೇ ಭಾನುವಾರ ತರಗತಿಯ ಹಣೆಬರಹ ತೀರ್ಮಾನವಾಗಬೇಕಿತ್ತು. ಮತ ಇದ್ದದ್ದು ಆರು ಜನಕ್ಕೆ. ಯಾಮಿನಿಯ ಕಡೆ ಮೂವರು, ರವಿಕಿರಣ್ ಕಡೆ ಮೂವರು. ಸಮ ಬಂದರೆ ಪ್ರಸ್ತಾವ ಬಿದ್ದಂತೆ, ತರಗತಿ ಉಳಿದಂತೆ.

ಶುಕ್ರವಾರ ಬೆಳಿಗ್ಗೆ ಫೋರ್ಟ್ ಮಿಲ್‌ನಿಂದ ಭಾವನ ಫೋನು. ಅಕ್ಕ ನಮ್ರತಾಗೆ ಮೂರು ವಾರ ಮೊದಲೇ ಹೆರಿಗೆ ನೋವು! ಏಳು ಗಂಟೆಯ ದಾರಿ. ಹೋಗದಿದ್ದರೆ ಭಾವನನ್ನು ಬಿಟ್ಟು ಅಕ್ಕನಿಗೆ ಯಾರೂ ಇಲ್ಲ. ಹೋದರೆ ಇತ್ತ ಮೂರಕ್ಕೆ ಎರಡು, ತರಗತಿ ಮುಗಿದೇ ಹೋಯಿತು.

ಅಳುತ್ತಲೇ ಅವನಿಗೆ ಫೋನ್ ಮಾಡಿದಳು.

"ನೀವು ಹೊರಡ್ರಿ," ಎಂದ ರವಿಕಿರಣ್. "ರವಿವಾರ ನಾನೂ ಮೀಟಿಂಗಿಗೆ ಹೋಗಂಗಿಲ್ಲ."

"ನೀವ್ಯಾಕೆ?"

"ಲಂಡನ್ನಿನ್ಯಾಗ ಇದಕ್ಕ ಪೇರಿಂಗ್ ಅಂತಾರ. ಒಂದು ಪಕ್ಷದವರಿಗೆ ಕಷ್ಟ ಬಂದು ಬರಾಕ ಆಗದಿದ್ರ, ಎದುರು ಪಕ್ಷದಾಗಿಂದ ಒಬ್ಬರು ತಾವಾಗೇ ಹೊರಗ ಉಳೀತಾರ. ಎರಡೂ ಕಡೆ ಒಂದೊಂದು ಮತ ಕಡಿಮಿ. ಯಾರಿಗೂ ಅನ್ಯಾಯ ಇಲ್ಲ."

"ಬರೆದು ಕೊಡ್ತಾರಾ ಇದನ್ನ?"

"ಇಲ್ರಿ. ಬರೇ ಮಾತು."

ಆ ಮಾತೊಂದನ್ನು ನಂಬಿ ಅವಳು ಕಾರು ಹತ್ತಿದಳು.

ಭಾನುವಾರ ಸಂಜೆ, ಹುಟ್ಟಿ ಒಂದು ದಿನವಾದ ಅಕ್ಕನ ಮಗಳನ್ನು ಎದೆಗಾನಿಸಿಕೊಂಡು ಕೂತಿದ್ದಾಗ ಸಂಘದ ಇಮೇಲ್ ಬಂತು. ತರಗತಿ ನಿಲ್ಲಿಸುವುದರ ಪರ ಮೂರು. ವಿರೋಧ ಎರಡು. ಮೇ ಕೊನೆಗೆ ಮುಕ್ತಾಯ. ಪರವಾಗಿ ಮತ ಹಾಕಿದವರ ಹೆಸರುಗಳಲ್ಲಿ ಮೊದಲನೆಯದೇ... ರವಿಕಿರಣ್.

ಯಾಮಿನಿ ಮೂರು ಸಲ ಓದಿದಳು. ಮಗುವನ್ನು ಅಕ್ಕನ ಪಕ್ಕ ಮಲಗಿಸಿ ಹೊರಗೆ ಬಂದು ಫೋನ್ ಮಾಡಿದಳು.

"ನಿಮ್ಮ ಹೆಸರು ಇದೆ."

"ಹೌದ್ರಿ. ಈಗ ನೋಡಿದೆ."

"ಅಂದ್ರೆ ನಿಮ್ಮ ವೋಟ್ ಬಿದ್ದಿದೆ."

"...ಬಿದ್ದೈತಿ."

"ಅಷ್ಟೇನಾ? ಇನ್ನೇನೂ ಹೇಳೋದಿಲ್ವಾ ನನಗೆ?"

"ತಪ್ಪು ನಂದ್ರಿ. ಕ್ಷಮಿಸ್ರಿ."

ಅವಳು ಫೋನ್ ಕಟ್ ಮಾಡಿದಳು. ಗಂಟೆಯೊಳಗೆ ಅವನ ರಾಜೀನಾಮೆ ಎಲ್ಲರ ಇಮೇಲಿಗೆ ಬಂದಿತ್ತು. ಒಂದೇ ಸಾಲು. ಕಾರಣವಿಲ್ಲ, ವಿವರಣೆಯಿಲ್ಲ. ಕಳ್ಳ ಸಿಕ್ಕಿಬಿದ್ದಾಗ ಹಿತ್ತಿಲ ಬಾಗಿಲಿಂದ ಓಡಿದ ಹಾಗೆ ಕಂಡಿತು ಅವಳಿಗೆ.

'ಅಕ್ಕನ ಹೆರಿಗೆ ಸಮಯ ನೋಡಿ ನನ್ನನ್ನ ಸಾಗಹಾಕಿದನಲ್ಲ... ಚಹಾ ಕೊಟ್ಟು, ನಗಿಸಿ, ನಂಬಿಸಿ!'

ತರಗತಿ ಹೋದ ನೋವು ಒಂದು ತೂಕವಾದರೆ ಇದು ಹತ್ತು ತೂಕ. ಎದುರಿಗೆ ನಿಂತು ಸೋಲಿಸಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನ ಹೆಸರನ್ನು ಫೋನಿನಿಂದ ಅಳಿಸಿದಳು, ಆಮೇಲೆ ಆ ನಂಬರು ಬಾಯಿಪಾಠ ಇದೆಯೆಂದು ತನ್ನ ಮೇಲೇ ಸಿಟ್ಟಾದಳು.

ಹದಿಮೂರು ದಿನ ಕಳೆದು ಕೊನೆಯ ಶನಿವಾರ ಬಂತು.

"ಆಂಟಿ, ನೆಕ್ಸ್ಟ್ ವೀಕ್ ನೋ ಕ್ಲಾಸ್?" ಕೇಳಿದಳು ಒಂಬತ್ತು ವರ್ಷದ ಮಧುರಾ. "ನಾನು ಒತ್ತಕ್ಷರ ಇನ್ನೂ ಫಿನಿಶ್ ಮಾಡಿಲ್ಲ."

ಯಾಮಿನಿ ಬೋರ್ಡಿನ ಕಡೆ ತಿರುಗಿ, ಅಳಿಸಿದ್ದನ್ನೇ ಮತ್ತೆ ಅಳಿಸಿದಳು.

ಮಕ್ಕಳು ಹೋದ ಮೇಲೆ ಸಂಘದ ಕಾರ್ಯದರ್ಶಿ ವರಲಕ್ಷ್ಮಿ ಆಂಟಿ ಪುಸ್ತಕಗಳನ್ನು ಕಟ್ಟಲು ಕೈ ಜೋಡಿಸಿದರು.

"ಪಾಪ ಆ ರವಿಕಿರಣ್... ಮೀಟಿಂಗಿಗೇ ಬರದೇ ಇಷ್ಟೆಲ್ಲಾ ಆಯ್ತು," ಎಂದರು.

ಯಾಮಿನಿಯ ಕೈ ಅಲ್ಲೇ ನಿಂತಿತು. "ಬರ್ಲಿಲ್ವಾ? ವೋಟ್ ಹಾಕಿದ್ರಲ್ಲ ಆಂಟಿ?"

"ಅವನೆಲ್ಲಿ ಹಾಕಿದ? ದೂರದಿಂದ ಬರೋರು ಅಂತ ಜನವರಿಯಲ್ಲೇ ವರ್ಜೀನಿಯಾದವರ ಹತ್ರ ಪ್ರಾಕ್ಸಿ ಫಾರಂ ಸೈನ್ ಮಾಡಿಸಿದ್ವಿ. ಬರೋಕಾಗದಿದ್ರೆ ಅಧ್ಯಕ್ಷರು ಅವರ ಪರವಾಗಿ ಹಾಕಬಹುದು. ಮುರಳೀಧರ ಅವರು ಹಾಕಿದ್ರು. ಮಿನಿಟ್ಸ್‌ನಲ್ಲಿ ನಾನು ಪ್ರಾಕ್ಸಿ ಅಂತ ಬರೀಬೇಕಿತ್ತು ಕಣೇ, ಬಿಟ್ಟುಹೋಯ್ತು."

"ಈಗೇನೂ ಮಾಡೋಕಾಗಲ್ವಾ?"

"ಗೆದ್ದ ಕಡೆಯೋರು ಯಾರಾದ್ರೂ ಕೇಳಿದ್ರೆ ಇನ್ನೊಂದ್ಸಲ ವೋಟ್ ಹಾಕಿಸ್ಲೇಬೇಕು. ಅದು ಸಂಘದ ನಿಯಮ. ಉಳಿದಿಬ್ಬರು ಕೇಳಲ್ಲ. ಅವನೊಬ್ಬ ಕೇಳಬಹುದಿತ್ತು... ಅವನೇ ರಾಜೀನಾಮೆ ಕೊಟ್ಟು ಕೂತ. ನಾಳೆ ಮೀಟಿಂಗಲ್ಲಿ ಅದನ್ನ ಒಪ್ಕೊಂಡ್ರೆ ಮುಗೀತು."

ಪುಸ್ತಕಗಳನ್ನು ಅಲ್ಲೇ ಬಿಟ್ಟು ಯಾಮಿನಿ ಆಲ್ಡಿಗೆ ಹೊರಟಳು. ಪೊಟೊಮ್ಯಾಕ್ ನದಿಯ ಸೇತುವೆ ದಾಟುವವರೆಗೆ 'ಮಾತು ಉಳಿಸಿಕೊಂಡಿದ್ದ, ಉಳಿಸಿಕೊಂಡಿದ್ದ' ಎಂದು ಅತ್ತಳು. ದಾಟಿದ ಮೇಲೆ ಸಿಟ್ಟು ನೆತ್ತಿಗೇರಿತು.

ಬಾಗಿಲು ತೆರೆದ ರವಿಕಿರಣ್ ಅವಳನ್ನು ಕಂಡು ಹಿಂದೆ ಸರಿದ.

"ಯಾಕೆ ಹೇಳ್ಲಿಲ್ಲ?"

ಅವನಿಗೆ ಅರ್ಥವಾಯಿತು.

"ಫಾರಂ ಮ್ಯಾಲಿನ ಸಹಿ ನಂದ್ರಿ. ವಾಪಸ್ ತಗೋಬೇಕಿತ್ತು, ಮರ್ತೆ. ಲಂಡನ್ನಿನ್ಯಾಗ ಮಂತ್ರಿ ಹೆಸರಿನ್ಯಾಗ ತಪ್ಪಾದ್ರ, ಯಾರು ಮಾಡಿದ್ರು ಅಂತ ಬೆರಳು ತೋರಿಸಂಗಿಲ್ಲ. ಕುರ್ಚಿ ಬಿಟ್ಟು ಎದ್ದು ಹೋಗ್ತಾನ. ನೆಪ ಹೇಳಿದ್ರ ನಿಮ್ಮ ಕಣ್ಣಾಗ ಇನ್ನೂ ಸಣ್ಣವ ಆಗ್ತೀನಿ ಅನಿಸ್ತು."

"ಎದ್ದು ಹೋದ್ರಿ, ನಿಮ್ಮ ಮರ್ಯಾದೆ ಉಳೀತು. ನನಗೇನು ಉಳೀತು? ಹದಿಮೂರು ದಿನ ನಿಮ್ಮನ್ನ ಮೋಸಗಾರ ಅಂದ್ಕೊಂಡು ಊಟ ಬಿಟ್ಟಿದೀನಿ ನಾನು." ಅವಳ ದನಿ ಒಡೆಯಿತು. "ಆ ವೋಟ್ ನಿಮ್ಮದಲ್ಲ, ಸರಿ. ಆದ್ರೆ ಸುಮ್ಮನಿದ್ದಿದ್ದು ನೀವೇ ಅಲ್ವಾ?"

ಅವನು ತಲೆ ತಗ್ಗಿಸಿದ.

"ಈಗ ನಾ ಏನ್ ಮಾಡ್ಲಿ, ಹೇಳ್ರಿ."

"ರಾಜೀನಾಮೆ ವಾಪಸ್ ತಗೊಂಡು, ಮತ್ತೆ ವೋಟ್ ಹಾಕಿಸಿ ಅಂತ ಕೇಳಿ."

ಅವನ ಮುಖ ಇಳಿಯಿತು. "ಕೊಟ್ಟ ರಾಜೀನಾಮೆ ವಾಪಸ್ ತಗೊಂಡವನ್ನ ನೋಡಿ ಎಲ್ಲಾರೂ ನಗ್ತಾರ್ರಿ..."

"ನಗಲಿ."

ನಕ್ಕರು. ಭಾನುವಾರ ಅವನು ಎದ್ದು ನಿಂತದ್ದೇ ಅಧ್ಯಕ್ಷ ಮುರಳೀಧರ ಅಂಕಲ್, "ಏನಪ್ಪಾ, ಎರಡೇ ವಾರಕ್ಕೆ ಸನ್ಯಾಸ ಸಾಕಾಯ್ತಾ?" ಎಂದರು. ರವಿಕಿರಣ್‌ನ ಕಿವಿಗಳು ಕೆಂಪಾದವು. ಆದರೂ ಅವನು ಕೂರಲಿಲ್ಲ. ಯಾಮಿನಿಗೆ ಕೊಟ್ಟ ಮಾತು, ಮರೆತ ಫಾರಂ, ಹೇಳದೆ ನುಂಗಿಕೊಂಡದ್ದು, ಎಲ್ಲವನ್ನೂ ಎಲ್ಲರೆದುರು ಒಂದೊಂದಾಗಿ ಹೇಳಿದ. ಮತ್ತೆ ಮತ ಹಾಕಿಸಬೇಕೆಂದು ಕೇಳಿದ.

ತರಗತಿ ನಿಲ್ಲಿಸುವುದರ ಪರ ಯಾರಿದ್ದೀರಿ ಎಂದು ವರಲಕ್ಷ್ಮಿ ಆಂಟಿ ಕೇಳಿದಾಗ ಮೂರು ಕೈಗಳು ಎದ್ದವು. ಮೊದಲು ಎದ್ದದ್ದು ರವಿಕಿರಣ್‌ನದೇ. ಯಾಮಿನಿಯನ್ನೇ ನೋಡುತ್ತಾ ಎತ್ತಿದ. ಅವಳೂ ಕಣ್ಣು ತಪ್ಪಿಸಲಿಲ್ಲ.

ವಿರೋಧಕ್ಕೆ ಯಾಮಿನಿಯದೂ ಸೇರಿ ಮೂರು. ಪ್ರಸ್ತಾವ ಬಿತ್ತು. ತರಗತಿ ಉಳಿಯಿತು.

ಪಾರ್ಕಿಂಗ್ ಲಾಟಿನಲ್ಲಿ ಅವನು ಅವಳ ಕಾರಿನ ಪಕ್ಕ ಕಾಯುತ್ತಿದ್ದ.

"ಈಗಲೂ ನನ್ನ ವಿರುದ್ಧವೇ ಹಾಕಿದ್ರಲ್ಲ," ಎಂದಳು.

"ಆಲ್ಡಿ ಮಕ್ಕಳಿಗೂ ಕನ್ನಡ ಬೇಕಲ್ರಿ. ಸಿಟ್ಟು ಬಂತೇನು?"

"ಬಂತು. ಆದ್ರೆ ನೋವಾಗಲಿಲ್ಲ. ನನ್ನ ಮುಖ ನೋಡ್ಕೊಂಡು ಹಾಕಿದ್ರಿ."

ಅವನು ಒಮ್ಮೆ ಉಸಿರೆಳೆದುಕೊಂಡ.

"ಯಾಮಿನಿ... ನಾ ನಿಮ್ಮನ್ನ ಪ್ರೀತಿ ಮಾಡ್ತೀನಿ. ನಾಲ್ಕು ತಿಂಗಳಾತು. ಇದನ್ನೂ ಹೇಳಿರಲಿಲ್ಲ."

ಯಾಮಿನಿಯ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಲಿಲ್ಲ.

"ಹೇಳದೇ ಇಟ್ಕೊಂಡಿರೋದು ಇನ್ನೂ ಏನಾದ್ರೂ ಇದೆಯಾ?"

ಅವನು ಯೋಚಿಸಿದ. "ಐತ್ರಿ. ಭಾಳ ಐತಿ."

"ಹಾಗಾದ್ರೆ ಶುರು ಮಾಡಿ," ಎಂದು ಅವಳು ಅವನ ಕೈ ಹಿಡಿದುಕೊಂಡಳು. "ನನಗೆ ಇವತ್ತು ಬೇರೆ ಕೆಲಸ ಇಲ್ಲ."